ಎಡಬದಿಯ ಹಿಂದಿನ ಸೀಟು

ಕಾರಿನ ಬಾಗಿಲು ತೆರೆಯುವ ಮುಂಚೆಯೇ ಲೋಬಾನದ ವಾಸನೆ ನಮ್ಮ ಅಂಗಳಕ್ಕೆ ಬಂದಿತ್ತು. ನಮ್ಮ ಕಡೆ ಬಾಣಂತಿ ಕೋಣೆಗೆ, ಅಂಗಡಿಯ ಗಲ್ಲಾಪೆಟ್ಟಿಗೆಗೆ, ಹೊಸ ಮನೆಗೆ ಲೋಬಾನದ ಹೊಗೆ ಹಾಕುವುದು ಎಲ್ಲ ಮನೆಗಳಲ್ಲೂ ಇದೆ. ಕಾರಿಗೆ ಹಾಕುವವರೂ ಇದ್ದಾರೆ. ಆದರೆ ಇದು ವಾರಕ್ಕೊಮ್ಮೆ ಹಾಕಿದ ಹೊಗೆಯಾಗಿರಲಿಲ್ಲ. ಸೀಟಿನ ಹೊಲಿಗೆ, ಮೇಲಿನ ಬಟ್ಟೆ, ಸೀಟ್ ಬೆಲ್ಟಿನ ಪಟ್ಟಿ ಎಲ್ಲವೂ ಅದರಲ್ಲಿ ನೆನೆದಂತಿದ್ದವು. ಇಷ್ಟೊಂದು ಹೊಗೆ ಯಾಕೆ ಬೇಕಾಯಿತು ಎಂದು ನಾನು ಆಗಲೇ ಕೇಳಬೇಕಿತ್ತು. ಕೇಳಲಿಲ್ಲ.

ಶಹಾಪುರದ ನಮ್ಮ ಮನೆಯ ಮುಂದೆ ತಗಡಿನ ಚಪ್ಪರದ ಕೆಳಗೆ ನಾನು ಕಾರುಗಳ ಚರ್ಮದ ಸೀಟು ಸ್ವಚ್ಛ ಮಾಡುತ್ತೇನೆ. ಕಾಲುವೆಯ ನೀರು ಬಂದ ಮೇಲೆ ಭತ್ತ ಬಂತು, ಭತ್ತದ ಹಿಂದೆ ಹೈದರಾಬಾದಿನಿಂದ ಹಳೆಯ ದೊಡ್ಡ ಕಾರುಗಳು ಬಂದವು. ಗದ್ದೆಯ ತೇವಕ್ಕೆ ಅವುಗಳ ಸೀಟು ಬೂಷ್ಟು ಹಿಡಿಯುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಗಾಡಿ ತೊಳೆಯುವ ಅಂಗಡಿಯವರು ಬಟ್ಟೆ ಸೋಪಿನ ನೀರು ಹೊಡೆದು ಇನ್ನಷ್ಟು ಕೆಡಿಸುತ್ತಾರೆ. ಹೆಂಗಸಿನ ಕೈಗೆ ಸೀಟು ಕೊಡುವುದೇ ಎಂದು ನಕ್ಕವರೇ ಆಮೇಲೆ ಒಬ್ಬೊಬ್ಬರಾಗಿ ಗಾಡಿ ತಂದು ನಿಲ್ಲಿಸಿದರು.

ಈ ಕಾರು ಸುರಪುರದ ರಸ್ತೆಯಲ್ಲಿ ಕಾಲುವೆ ಕೆಳಗೆ ಗದ್ದೆ ಮಾಡಿಸುವ ಒಬ್ಬ ಸಾಹುಕಾರರದ್ದು. ಅವರ ಹೆಂಡತಿ ನಮ್ಮ ಓಣಿಯ ಮಹಿಳಾ ಸಂಘಕ್ಕೆ ಬರುತ್ತಿದ್ದಳು, ನನಗಿಂತ ಹತ್ತು ವರ್ಷ ಚಿಕ್ಕವಳು, ನನ್ನನ್ನು ಅಕ್ಕಾ ಎನ್ನುವವಳು. ಯುಗಾದಿ ಕಳೆದು ಒಂದು ವಾರವಾಗಿತ್ತು. ಸಾಹುಕಾರರು ತಾವೇ ಗಾಡಿ ತಂದಿದ್ದರು.

"ಹಿಂದಿನ ಎಡಗಡಿ ಸೀಟ್ ನೋಡ್ರಿ ಅಕ್ಕಾರ. ಕಪ್ಪಾಗ್ಯದ, ಕೈ ಹಚ್ಚಿದ್ರ ಅಂಟತದ. ನಮ್ಮವ್ವ ಅಲ್ಲೇ ಕುಂದರೋದು. ಬರೋ ಅಮಾಸಿಗೆ ಕೊಡೇಕಲ್ಲಿಗೆ ದೇವರಿಗೆ ಹೋಗಬೇಕು, ಅದರೊಳಗ ಸಾಫ್ ಆಗ್ಬೇಕ್ರಿ."

"ಏನು ಚೆಲ್ಲಿತ್ತು?" ಎಂದೆ.

"ಬುತ್ತಿ ಗಂಟು ಇರಬೇಕ್ರಿ." ಅಷ್ಟು ಹೇಳಿ ಕೈಯಲ್ಲಿದ್ದ ಕೀಲಿಯನ್ನು ನೋಡಿದರು. "ಬಿಚ್ಚಾಕ ಮಾತ್ರ ಹೋಗಬ್ಯಾಡ್ರಿ. ಕಂಪನಿ ಹೊಲಿಗಿ ಅದ. ಮ್ಯಾಲಿಂದ ಏನಾಗ್ತದ ಅಷ್ಟ ಮಾಡ್ರಿ."

ಸೀಟು ತಿಳಿ ಕೆನೆ ಬಣ್ಣದ್ದು. ಕಲೆ ರೊಟ್ಟಿ ಹಂಚಿನಷ್ಟು ಅಗಲ, ಅದರಿಂದ ಒಂದು ಬಾಲ ಹಿಂದಿನ ಹೊಲಿಗೆಯ ಸಂದಿಗೆ ಇಳಿದಿತ್ತು. ನಾನು ಯಾವ ಸೀಟಿಗೂ ಮೊದಲು ಒಂದು ಹನಿ ನೀರು ಬಿಟ್ಟು ನೋಡುತ್ತೇನೆ. ಮೇಲಿನ ಲೇಪ ಗಟ್ಟಿ ಇದ್ದರೆ ಹನಿ ಮಣಿಯಂತೆ ನಿಲ್ಲುತ್ತದೆ. ಉಳಿದ ಕಡೆಯೆಲ್ಲ ನಿಂತಿತು. ಕಲೆಯ ಮೇಲೆ ಬಿಟ್ಟ ಹನಿ ಚಪ್ಪಟೆಯಾಗಿ, ಕಣ್ಣು ಮಿಟುಕಿಸುವುದರೊಳಗೆ ಒಳಗೆ ಹೋಯಿತು. ಉಗುರಿನಿಂದ ಮೆಲ್ಲಗೆ ಒತ್ತಿದರೆ ಲೇಪವೇ ಮೆತ್ತಗಾಗಿತ್ತು. ಬಾಗಿ ಮೂಸಿದೆ. ಲೋಬಾನದ ಅಡಿಯಲ್ಲಿ, ಬಹಳ ಕೆಳಗೆ, ಬೆಳ್ಳುಳ್ಳಿ.

ಸಮಾಧಾನವಾಯಿತು. ದೂರದ ಊರಿಗೆ ಹೊರಟವರು ನಮ್ಮಲ್ಲಿ ಕಟ್ಟುವುದು ಜೋಳದ ರೊಟ್ಟಿ, ಬೆಳ್ಳುಳ್ಳಿ ಜಜ್ಜಿ ಕುಟ್ಟಿದ ಕೆಂಪು ಖಾರ, ಅದರ ನಡುವೆ ಗುಳಿ ಮಾಡಿ ಸುರಿದ ಕುಸುಬಿ ಎಣ್ಣೆ. ಆ ಗಂಟು ಸೀಟಿನ ಮೇಲೆ ಸೋರುವುದು ಹೊಸದಲ್ಲ. ಅಂಥ ಆರೇಳು ಸೀಟುಗಳನ್ನು ನಾನೇ ತೆಗೆದುಕೊಂಡು ಸರಿ ಮಾಡಿದ್ದೆ. ಬೆಳ್ಳುಳ್ಳಿ ಎಂದ ಕೂಡಲೇ ಈ ಸೀಮೆಯ ಹೆಂಗಸಿನ ಮೂಗು ಅಡುಗೆಮನೆಗೆ ಹೋಗುತ್ತದೆ, ಮುಂದಕ್ಕೆ ಹೋಗುವುದಿಲ್ಲ.

ಮೊದಲನೆಯ ದಿನ ಬರೀ ಧೂಳು. ಬಣ್ಣ ಬಳಿಯುವ ಮೆತ್ತನೆಯ ಬ್ರಷ್ಷಿನಿಂದ ಹೊಲಿಗೆಯ ಸಂದಿಗಳನ್ನು ಗುಡಿಸಿದರೆ ಭತ್ತದ ಹೊಟ್ಟು, ಮುರಿದ ಊದುಬತ್ತಿ ಕಡ್ಡಿ, ಒಂದು ಹಲ್ಲುಕಡ್ಡಿ ಬಂದವು. ಮೃದು ಸೋಪನ್ನು ಬಟ್ಟಲಲ್ಲಿ ಕಡೆದು ನೊರೆಯನ್ನಷ್ಟೇ ತೆಗೆದು ಹಚ್ಚಿದೆ, ನೀರನ್ನಲ್ಲ. ಒಂದು ಗೇಣು ಜಾಗ ಹಚ್ಚಿ, ಒರೆಸಿ, ಒಣಗಿದ ಮೇಲೆ ಮುಂದಿನ ಗೇಣು. ಕಾನ್ವೆಂಟಿನ ಬೋರ್ಡಿಂಗ್ ಶಾಲೆಯಲ್ಲಿ ನಮ್ಮ ಬೂಟುಗಳನ್ನು ಸಿಸ್ಟರ್ ಹೀಗೆಯೇ ಮಾಡಿಸುತ್ತಿದ್ದರು. ಅವಸರ ಮಾಡಿದ ಹುಡುಗಿ ಮತ್ತೆ ಮೊದಲಿನಿಂದ ಮಾಡಬೇಕಿತ್ತು.

ಎರಡನೆಯ ದಿನ ಜಿಡ್ಡು ಹೀರುವ ಕೆಲಸ. ಜೋಳದ ಹಿಟ್ಟನ್ನು ಜರಡಿ ಹಿಡಿದು, ಹಂಚಿನ ಮೇಲೆ ಬೆಚ್ಚಗೆ ಮಾಡಿ, ಕಲೆಯ ಮೇಲೆ ಬೆರಳು ದಪ್ಪ ಹರಡಿ, ಮೇಲೊಂದು ಕಾಗದ, ಅದರ ಮೇಲೆ ತೂಕಕ್ಕೆ ಒಂದು ಹಲಗೆ. ಮರುದಿನ ತೆಗೆದಾಗ ಹಿಟ್ಟು ಹುರಿದ ಹಿಟ್ಟಿನ ಬಣ್ಣಕ್ಕೆ ಬಂದಿತ್ತು. ಜಿಡ್ಡು ಏರುತ್ತಿದೆ ಎಂದು ಖುಷಿಯಾಗಿ ಇನ್ನೊಮ್ಮೆ ಹಾಕಿದೆ. ತೆಗೆದ ಹಿಟ್ಟನ್ನು ಹಿತ್ತಲ ಗೋಡೆಯ ಬುಡಕ್ಕೆ ಸುರಿದೆ. ಅಲ್ಲಿ ಬೇವಿನ ಬೇರಿನ ತನಕ ಇರುವೆಗಳ ಸಾಲು ಸದಾ ಇರುತ್ತದೆ, ಹಿಟ್ಟು ಬಿದ್ದರೆ ಮಧ್ಯಾಹ್ನದೊಳಗೆ ಹೊತ್ತುಬಿಡುತ್ತವೆ.

ಸಂಜೆ ಬಟ್ಟೆ ತೆಗೆಯಲು ಹೋದಾಗ ಹಿಟ್ಟು ಹಾಗೆಯೇ ಇತ್ತು. ಸಾಲು ಅದನ್ನು ಸುತ್ತು ಹಾಕಿ ಬೇರೆ ಕಡೆಯಿಂದ ಹೋಗುತ್ತಿತ್ತು. ಹಿಟ್ಟಿನ ಅಂಚಿನಲ್ಲಿ ಎಳ್ಳು ಚೆಲ್ಲಿದಂತೆ ಕಪ್ಪು ಚುಕ್ಕೆಗಳು. ಹಂಚಿನ ಮೇಲೆ ಸೀದ ಹಿಟ್ಟಿರಬೇಕು ಎಂದುಕೊಂಡು ಬಟ್ಟೆ ಮಡಚುತ್ತ ಒಳಗೆ ಬಂದೆ.

ಕೊನೆಯದು ಚರ್ಮಕ್ಕೆ ಜೀವ ಕೊಡುವ ಕೆಲಸ. ಔಡಲ ಎಣ್ಣೆ, ಜೇನುಮೇಣ ಸೇರಿಸಿ ನೀರಿನ ಪಾತ್ರೆಯೊಳಗೆ ಬಟ್ಟಲಿಟ್ಟು ಕರಗಿಸಿ ಆರಿಸಿದ ಮುಲಾಮು ನನ್ನದೇ. ಅದನ್ನು ಬರಿಗೈಯಲ್ಲಿ ಹಚ್ಚುತ್ತೇನೆ, ಹಚ್ಚುತ್ತಿದ್ದೆ. ಬೆರಳಿನ ಬಿಸಿಗೆ ಮೇಣ ಕರಗಿ ಒಳಗಿಳಿಯುತ್ತದೆ. ಆಮೇಲೆ ಗಾಜು ಏರಿಸಿ ಕಾರನ್ನು ಒಂದು ತಾಸು ಬಿಸಿಲಿಗೆ ಬಿಟ್ಟರೆ ಚರ್ಮ ಕುಡಿಯುತ್ತದೆ. ಕಲೆ ಹೆಚ್ಚುಕಡಿಮೆ ಮಾಯವಾಯಿತು. ಅಂದು ಸಂಜೆ ದಿಂಬಿನ ಚೀಲ ಹೊಲಿಯಲು ಕುಳಿತರೆ ಸೂಜಿಗೆ ದಾರ ಪೋಣಿಸಲಾಗಲಿಲ್ಲ. ಕನ್ನಡಕದ ನಂಬರು ಏರಿದೆ ಎಂದುಕೊಂಡೆ.

ಗಾಡಿ ಒಯ್ಯಲು ಬಂದಾಗ ಸಾಹುಕಾರರ ತಾಯಿಯೂ ಜೊತೆಗಿದ್ದರು. ಎಂಬತ್ತರ ಹತ್ತಿರದ ವಯಸ್ಸು, ಓಣಿಗೆಲ್ಲ ಆಯಿ. ಸೊಸೆಯ ಹೆಗಲು ಹಿಡಿದು ಸೀಟಿಗೆ ಏರಿ, ಎರಡು ಸಲ ಕುಳಿತಲ್ಲೇ ಜಗ್ಗಾಡಿದರು.

"ಏ ತಂಗಿ, ಏನ್ ಮಾಡೀ ಇದಕ್ಕ? ಕುಂತ್ರ ಜಾರತದ. ಕೊಡೇಕಲ್ ತನಕ ಒಯ್ತಾರೋ, ನಡುದಾರ್ಯಾಗ ನಾಲಾಕ್ಕ ಜಾರಸ್ತಾರೋ!"

"ನಿಮ್ಮ ಸೊಸಿ ಹಿಡಕೊಂಡು ಕುಂದರತಾಳ ಬಿಡ್ರಿ ಆಯಿ," ಎಂದೆ.

"ಆಕಿ ಹಿಡೀತಾಳೋ ನೂಕತಾಳೋ ಯಾರಿಗ್ಗೊತ್ತು."

"ನೂಕಿದ್ರ ನಿಮ್ಮ ಹಲ್ಲಿನ ಸೆಟ್ ಯಾರ್ ತೊಳೀಬೇಕು ಅತ್ತಿ?" ಎಂದಳು ಸೊಸೆ. ಆಯಿ ಸೆಟ್ಟಿಲ್ಲದ ಬಾಯಿ ತೆರೆದು ನಕ್ಕರು. ಅದು ನನ್ನ ಮುಲಾಮಿನ ಮೇಲೆ ಕುಳಿತು ನಕ್ಕ ನಗು.

ಅಮಾವಾಸ್ಯೆ ಕಳೆದು ಎರಡನೆಯ ದಿನ ಮಟಮಟ ಮಧ್ಯಾಹ್ನ ಆ ಸೊಸೆ ನಡೆದುಕೊಂಡೇ ಬಂದಳು. ತಲೆಯ ಮೇಲೆ ಸೆರಗಿರಲಿಲ್ಲ. ಎರಡು ಕಾಲಿಗೆ ಎರಡು ಬಗೆಯ ಚಪ್ಪಲಿ ಇದ್ದವು, ಅವಳಿಗೆ ಗೊತ್ತಿದ್ದಂತೆ ಕಾಣಲಿಲ್ಲ.

"ಅತ್ತಿಗಿ ಇಲ್ಲೇ ದವಾಖಾನ್ಯಾಗ ಹಾಕೀವಿ ಅಕ್ಕಾ. ಕೊಡೇಕಲ್‌ನಿಂದ ಹೊಳ್ಳಿ ಬರೋವಾಗ ಬಾಯಾಗ ನೀರ ಸುರಿಯಾಕತ್ತು. ಕಣ್ಣಾಗ ನೀರು, ಮೂಗಿನ್ಯಾಗ ನೀರು. ಮೂರ ಸಲ ವಾಂತಿ. ಸುರಪುರಕ್ಕ ಬರೋದ್ರಾಗ ನನ್ನ ಗುರ್ತ ಹಿಡೀಲಿಲ್ಲ. ಕಣ್ಣಿನ ಗೊಂಬಿ ಸಾಸಿವಿ ಕಾಳಿನಷ್ಟ ಆಗಿತ್ತು."

"ಡಾಕ್ಟರ್ ಏನಂದ್ರು?"

"ಬಿಸಿಲು, ವಯಸ್ಸು ಅಂದ್ರು. ಈಗ ಸ್ವಲ್ಪ ಬೇಸು. ಆದ್ರ ರಾಮಸಮುದ್ರದಿಂದ ನಮ್ಮ ನಾದಿನಿ ಬಂದಾಳ. ಬುತ್ತಿ ಯಾರ್ ಕಟ್ಟಿದ್ದು ಅಂತ ವಾರ್ಡಿನ್ಯಾಗ ಎಲ್ಲಾರ ಮುಂದ ಕೇಳಿದಳು."

"ಬುತ್ತಿ ಎಲ್ಲಾರೂ ಉಂಡೀರಲ್ಲ?"

ಅವಳು ಕಟ್ಟೆಯ ಅಂಚಿಗೆ ಕುಳಿತಳು. "ಹಲ್ಲಿಲ್ಲ ಅಂತ ಅತ್ತಿಗಿ ಬ್ಯಾರೇನ ಕಲಸಿ ಕೊಟ್ಟಿದ್ದೆ ಅಕ್ಕಾ. ಹಿಂದಿನ ಅಮಾಸಿಗೂ ಆಕಿಗೆ ತಲಿನೋವು, ಹೊಟ್ಟಿ ಮುರಿತ ಇತ್ತು. ಅವತ್ತೂ ನಾನ ಕಲಸಿದ್ದು. ಸೋಮಾರ ಯಾದಗಿರಿ ದೊಡ್ಡ ದವಾಖಾನಿಗೆ ತೋರಸಾಕ ಒಯ್ತಾರ. ಈ ಸಲ ಏನರ ಆತಂದ್ರ ನೀ ತವರಿಗೆ ನಡಿ ಅಂದಾಳ ನಾದಿನಿ."

"ನಿಮ್ಮವ್ರು ಏನಂದ್ರು?"

"ಇವ್ರು ಏನೂ ಅನ್ಲಿಲ್ಲ. ಕಿಡಕ್ಯಾಗ ನೋಡಕೋತ ನಿಂತಿದ್ರು."

ಆ ಮಾತನ್ನು ನಾನು ಎರಡು ಸಲ ಮನಸ್ಸಿನಲ್ಲಿ ಹೇಳಿಕೊಂಡೆ. ಕೀಲಿ ನೋಡಿದ ಮನುಷ್ಯ, ಕಿಟಕಿ ನೋಡಿದ ಮನುಷ್ಯ.

ಶುಕ್ರವಾರ ಆಯಿ ದವಾಖಾನೆಯಿಂದ ಮನೆಗೆ ಬಂದರು. ಶನಿವಾರ ಬೆಳಿಗ್ಗೆ ಕಾರು ಮತ್ತೆ ನನ್ನ ಚಪ್ಪರದ ಕೆಳಗೆ ಇತ್ತು, ಮತ್ತೆ ಹೊಸ ಲೋಬಾನದೊಂದಿಗೆ. "ವಾಂತಿ ಆಗ್ಯದ್ರಿ ಸೀಟಿನ್ಯಾಗ. ಐತವಾರ ಸಂಜಿಗೆ ಕೊಟ್ಟಬಿಡ್ರಿ, ಸೋಮಾರ ನಸುಕಿಗೆ ಹೋಗೋದದ," ಎಂದು ಸಾಹುಕಾರರು ಇಳಿದು ಹೋದರು.

ಅಂದು ಜೋರು ಗಾಳಿ. ಧೂಳು ಒಳಗೆ ಬರಬಾರದೆಂದು ನಾನು ಹಿಂದಿನ ಸೀಟಿನ ಮೇಲೆ ಮೊಣಕಾಲೂರಿ, ಎಲ್ಲ ಬಾಗಿಲು ಹಾಕಿಕೊಂಡು ಕೆಲಸಕ್ಕೆ ಕುಳಿತೆ. ಮೇಲೆ ಒರೆಸಿಯಾಗಿತ್ತು, ಉಳಿದದ್ದು ಹೊಲಿಗೆಯ ಸಂದಿಗಳಲ್ಲಿ. ಉಗುರು ಬೆಚ್ಚಗಿನ ನೀರಿಗೆ ನಾಲ್ಕು ಹನಿ ವಿನೆಗರ್, ಬಟ್ಟೆಯ ತುದಿಯನ್ನು ಸೂಜಿಯಂತೆ ಹೊಸೆದು ಹೊಲಿಗೆಯ ಒಂದೊಂದೇ ಟಾಕಿ ಒರೆಸಿದೆ. ಕೆಲಸ ಸಾಗಿದಂತೆ ಲೋಬಾನ ತೆಳ್ಳಗಾಗಿ ಬೆಳ್ಳುಳ್ಳಿ ದಪ್ಪವಾಗುತ್ತ ಬಂತು. ಕಲೆಯ ಬಾಲ ಮತ್ತೆ ಮೇಲೆ ಬಂದಿತ್ತು, ಮೊದಲಿಗಿಂತ ಒಂದು ಬೆರಳು ಉದ್ದ. ನಾನು ಹಿಟ್ಟು ಹಾಕಿ ಹೀರಿಸಿದ್ದು ಬುತ್ತಿಯ ಎಣ್ಣೆಯಾಗಿದ್ದರೆ ಅದು ಬೆಳೆಯಬಾರದಿತ್ತು.

ಇಷ್ಟು ಯೋಚಿಸುವುದರೊಳಗೆ ಬಾಯಲ್ಲಿ ನೀರು ತುಂಬಿತು. ನುಂಗಿದೆ, ಮತ್ತೆ ತುಂಬಿತು. ಮೂಗು ಸೋರಿತು. ಎಡಗಣ್ಣಿನ ರೆಪ್ಪೆ ತಾನಾಗಿ ಅದುರತೊಡಗಿತು. ಹೊಲಿಗೆಯ ಟಾಕಿಗಳು ಮಬ್ಬಾಗಿ ಒಂದರೊಳಗೊಂದು ಸೇರಿದವು. ಬಾಗಿಲ ಹಿಡಿ ಹುಡುಕಿ ಹೊರಗೆ ಬಿದ್ದವಳು ಚಪ್ಪರದ ಕಂಬ ಹಿಡಿದು ವಾಂತಿ ಮಾಡಿದೆ. ಎದೆಯ ಮೇಲೆ ಯಾರೋ ಕುಳಿತಂತಿತ್ತು.

ನಮ್ಮವರು ಕಾಲುವೆ ಇಲಾಖೆಯ ಕಚೇರಿಯಲ್ಲಿ ಗುಮಾಸ್ತರು. ಊಟಕ್ಕೆ ಬಂದವರು ಗೇಟಿನಲ್ಲೇ ಸೈಕಲ್ ಬಿಟ್ಟು ಓಡಿ ಬಂದರು. "ಏನಾತು? ಮಾರಿ ಯಾಕ ಹಿಂಗ ಬೆವತದ?" ನಾನು ಒಳಗೆ ಹೋಗಿ ಕನ್ನಡಿಯ ಮುಂದೆ ನಿಂತೆ. ಮುಖ ಮಬ್ಬಾಗಿತ್ತು. ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋದ ಮೇಲೆ ಕಂಡಿತು. ಎರಡೂ ಕಣ್ಣುಗಳಲ್ಲಿ ಗೊಂಬೆ ಸಾಸಿವೆ ಕಾಳಿನಷ್ಟಿತ್ತು.

ದವಾಖಾನೆಯಲ್ಲಿದ್ದವರು ಆಯಿಯನ್ನು ನೋಡಿದ ಅದೇ ವೈದ್ಯರು. ಬ್ಯಾಟರಿ ಹಿಡಿದು ಕಣ್ಣು ನೋಡಿದರು. "ಯಾವ ಹೊಲಕ್ಕ ಹೋಗಿದ್ರಿ?"

"ಹೊಲಕ್ಕ ಹೋಗಿಲ್ರಿ. ಕಾರಿನ ಸೀಟು ಒರಸಾಕತ್ತಿದ್ದೆ."

ಅವರು ಇನ್ನೊಮ್ಮೆ ಬೆಳಕು ಹಾಕಿದರು. "ಹತ್ತಿಗೆ, ಭತ್ತಕ್ಕ ಔಷಧ ಹೊಡಿಯೋರು ಇಂಥ ಕಣ್ಣು ತಗೊಂಡ್ ಬರ್ತಾರ ನನ್ನ ಹತ್ರ. ಸೀಟು ಒರಸೋರು ಯಾರೂ ಬಂದಿಲ್ಲ."

"ಮೊನ್ನೆ ಒಬ್ರು ಆಯಿ ಇದ್ರಲ್ರಿ, ಕೊಡೇಕಲ್‌ನಿಂದ ಬಂದವರು. ಅವ್ರು ಇದೇ ಸೀಟಿನ್ಯಾಗ ಕುಂತಿದ್ರು."

ವೈದ್ಯರ ಪೆನ್ನು ನಿಂತಿತು. "ಬಿಸಿಲು ಅಂತ ಬರದೀನಿ ನಾನು," ಎಂದರು. ಸೂಜಿ ಕೊಟ್ಟು, ಉಟ್ಟ ಸೀರೆ ಬಿಚ್ಚಿಸಿ, ತಲೆಯಿಂದ ಸ್ನಾನ ಮಾಡಿಸಿ ಸಂಜೆಯ ತನಕ ಅಲ್ಲೇ ಮಲಗಿಸಿಕೊಂಡರು. ಬಿಡುವಾಗ ಹೇಳಿದರು: "ಆ ಗಾಡ್ಯಾಗ ಆಕಿನ್ನ ಇನ್ನೊಮ್ಮೆ ಕೂಡಸಬ್ಯಾಡ್ರಿ. ಆ ವಯಸ್ಸಿಗೆ ಇನ್ನೊಂದ್ ಸಲ ತಡಿಯಂಗಿಲ್ಲ. ಎಲ್ಲಿಂದ ಬಂತು ಅಂತ ನೋಡಿ ಹೇಳ್ರಿ, ನಾನು ಬರದು ಕೊಡ್ತೀನಿ."

ಭಾನುವಾರ ಬೆಳಿಗ್ಗೆ ಹಾಸಿಗೆಯಲ್ಲಿ ಎದ್ದು ಕುಳಿತಾಗ ಎಲ್ಲವೂ ಒಂದರ ಹಿಂದೆ ಒಂದು ಸಾಲಾಗಿ ಬಂದವು. ಹಿಟ್ಟಿನ ಅಂಚಿನ ಕಪ್ಪು ಚುಕ್ಕೆಗಳು ಸತ್ತ ಇರುವೆಗಳು. ಸೀಟಿನ ಮೇಲೆ ಬಿದ್ದದ್ದು ಬೆಳೆಗೆ ಹೊಡೆಯುವ ಔಷಧಿ. ಅದಕ್ಕೂ ಬೆಳ್ಳುಳ್ಳಿಯಂಥದೇ ವಾಸನೆ, ಅದು ಜಿಡ್ಡಿನಲ್ಲಿ ಕರಗುವಂಥದ್ದು. ಹಿಂದಿನ ಅಮಾವಾಸ್ಯೆಯ ತನಕ ಅದರ ಬಹುಪಾಲು ಕೆಳಗೆ ಸ್ಪಂಜಿನಲ್ಲಿ ಅಡಗಿತ್ತು, ಆಯಿಗೆ ತಲೆನೋವಷ್ಟೇ ಆಗಿತ್ತು. ಆಮೇಲೆ ನಾನು ಬಂದೆ. ಮೆತ್ತನೆಯ ಕೈಯಿಂದ, ಗೇಣು ಗೇಣಾಗಿ, ಮೇಲಿನ ಲೇಪ ಬಿಡಿಸಿ, ಔಡಲ ಎಣ್ಣೆ ಉಣಿಸಿ, ಗಾಜು ಏರಿಸಿ ಬಿಸಿಲಲ್ಲಿ ಕಾಸಿ, ಕೆಳಗಿದ್ದದ್ದನ್ನು ಕರೆದು ಮೇಲೆ ತಂದೆ. ಆಯಿಯ ತೆಳುವಾದ ಸೀರೆ ತಾಗುವಲ್ಲಿಗೆ ತಂದಿಟ್ಟೆ. ನನ್ನ ಕೆಲಸ ಚೆನ್ನಾಗಿ ಆದದ್ದರಿಂದಲೇ ಆಕೆ ಸಾಯುವಷ್ಟಾದದ್ದು.

ನಾಳೆ ನಸುಕಿಗೆ ಆಕೆ ಮತ್ತೆ ಅಲ್ಲಿ ಕೂರಬೇಕಿತ್ತು. ಯಾದಗಿರಿಯ ತನಕ, ಗಾಜು ಹಾಕಿ. ಏನಾದರೂ ಆದರೆ ಬುತ್ತಿ ಕಟ್ಟಿದವಳ ಹೆಸರು ಸಿದ್ಧವಾಗಿತ್ತು. ಗಾಡಿ ಕೊಡುವುದಿಲ್ಲ ಎಂದರೆ ಸಾಹುಕಾರರು ಇನ್ನೊಂದು ಕೀಲಿ ತಂದು ಒಯ್ಯುತ್ತಾರೆ. ಬಾಯಿಮಾತಿಗೆ ಯಾರೂ ನಂಬುವುದಿಲ್ಲ.

ಶಾಲೆಯಲ್ಲಿ ಹೊಲಿಗೆ ಕಲಿಸುವ ಸಿಸ್ಟರ್ ನಮ್ಮ ಕಸೂತಿಯನ್ನು ಎಂದೂ ಮೇಲಿನಿಂದ ನೋಡುತ್ತಿರಲಿಲ್ಲ. ಕೈಗೆ ತೆಗೆದುಕೊಂಡವರೇ ಮಗುಚಿ ಬೆನ್ನು ನೋಡುತ್ತಿದ್ದರು. ಅಲ್ಲಿ ಒಂದು ಗಂಟು ಕಂಡರೂ ಬಟ್ಟೆ ವಾಪಸ್ಸು. ನಾನು ಅಷ್ಟೂ ದಿನ ಒಂದು ಸೀಟಿನ ಮೇಲ್ಮೈಯನ್ನಷ್ಟೇ ನೋಡಿದ್ದೆ, ಬೇಡ ಎಂದವರ ಮಾತಿಗೆ ಮರ್ಯಾದೆ ಕೊಟ್ಟು.

"ಸೀಟು ಬಿಚ್ಚತೀನಿ," ಎಂದೆ.

"ಅವ್ರು ಬಿಚ್ಚಬ್ಯಾಡ ಅಂದಾರ. ನಾಳೆ ನಮ್ಮ ಮ್ಯಾಲ ಬರ್ತದ," ಎಂದರು ನಮ್ಮವರು.

"ಬರ್ಲಿ. ನೀವು ಹಿಡೀತೀರೋ, ನಾ ಒಬ್ಬಾ‌ಕೀನ ಎತ್ತಲೋ?"

ಅವರು ಒಳಗೆ ಹೋಗಿ ಕಚೇರಿಯ ಮಳೆಕೋಟು ತಂದು ನನಗೆ ತೊಡಿಸಿದರು.

ಗಾಳಿಗೆ ಬೆನ್ನು ಮಾಡಿ ನಿಂತೆವು. ಕೈಗೆ ರಬ್ಬರ್ ಗವಸು, ಮೂಗು ಬಾಯಿಗೆ ಬಟ್ಟೆ. ಹಿಂದಿನ ಸೀಟನ್ನು ಮುಂದಿನ ಅಂಚಿನಲ್ಲಿ ಎರಡು ಕೊಂಡಿ ಹಿಡಿದಿರುತ್ತವೆ. ಎರಡೂ ಕಡೆ ಒಟ್ಟಿಗೆ ಮೇಲಕ್ಕೆ ಜಗ್ಗಿದರೆ ಟಕ್ ಎಂದು ಬಿಡುತ್ತವೆ. ಎತ್ತಿ ತಂದು ಪ್ಲಾಸ್ಟಿಕ್ ಹಾಳೆಯ ಮೇಲೆ ಬೋರಲು ಹಾಕಿದೆವು. ಚರ್ಮದ ಅಂಚನ್ನು ಕೆಳಗಿನ ತಂತಿಗೆ ಸಣ್ಣ ಉಕ್ಕಿನ ಉಂಗುರಗಳಿಂದ ಬಿಗಿದಿರುತ್ತಾರೆ. ಇಕ್ಕಳದಿಂದ ಒಂದೊಂದಾಗಿ ಕತ್ತರಿಸಿದೆ. ಒಂಬತ್ತನೆಯ ಉಂಗುರಕ್ಕೆ ಚರ್ಮ ತಾನಾಗಿ ಸಡಿಲಿತು.

ಒಳ್ಳೆಯ ಚರ್ಮದ ಬೆನ್ನು ಒಣಗಿದ ಬಾಳೆಎಲೆಯ ಬಣ್ಣಕ್ಕಿದ್ದು, ಮುಟ್ಟಿದರೆ ನವಿರು ರೋಮದಂತಿರುತ್ತದೆ. ಇದು ಹಸಿರುಗಪ್ಪಾಗಿ ಒದ್ದೆಯಾಗಿತ್ತು. ಕೆಳಗಿನ ಸ್ಪಂಜು ನೀರಲ್ಲಿ ಬಿಟ್ಟ ರೊಟ್ಟಿಯಂತೆ ಪುಡಿಪುಡಿ. ನನ್ನ ಕೈಯಲ್ಲಿದ್ದ ಒದ್ದೆ ಬಟ್ಟೆ ಅದಕ್ಕೆ ತಾಗಿತು. ತಾಗಿದಲ್ಲಿಂದ ಬಿಳಿಯ ಹಾಲು ಇಳಿಯಿತು.

ನಮ್ಮವರು ಒಂದು ಹೆಜ್ಜೆ ಹಿಂದೆ ಸರಿದರು. "ಇದು ಔಷಧನ. ನೀರು ಬಿತ್ತಂದ್ರ ಹಿಂಗ ಹಾಲಾಗ್ತದ. ಗದ್ದಿ ಬದುವಿನ ಮ್ಯಾಲ ದಿನಾ ನೋಡ್ತೀನಿ."

ಸೀಟಿನ ಬೆನ್ನಿನ ಸಂದಿಯಲ್ಲಿ, ಕಲೆಯ ಬಾಲ ಇಳಿದ ಜಾಗದಲ್ಲಿ, ಡಬ್ಬಿಯ ಒಂದು ಹಸಿರು ಮುಚ್ಚಳ ಸಿಕ್ಕಿತು. ಒಳಗೆ ಹರಿದ ಬೆಳ್ಳಿ ಕಾಗದ ಇನ್ನೂ ಅಂಟಿಕೊಂಡಿತ್ತು. ಅದನ್ನು ಗಾಜಿನ ಭರಣಿಯಲ್ಲಿ ಹಾಕಿ, ಭರಣಿಯನ್ನು ಕಟ್ಟೆಯ ಮೇಲಿಟ್ಟು ಸಾಹುಕಾರರಿಗೆ ಫೋನ್ ಮಾಡಿಸಿದೆ.

ಅವರು ಮೋಟಾರ್ ಸೈಕಲ್ಲಿನಲ್ಲಿ ಬಂದರು. ಚಪ್ಪರದ ಕೆಳಗೆ ಬಿಚ್ಚಿಟ್ಟ ಸೀಟು ನೋಡಿ ಧ್ವನಿ ಏರಿತು. "ಬಿಚ್ಚಬ್ಯಾಡ ಅಂದಿದ್ದೆನಲ್ರಿ!" ನಾನು ಭರಣಿಯನ್ನು ತೋರಿಸಿದೆ. ನೋಡಿದರು. ಅದೇನು ಎಂದು ಕೇಳಲಿಲ್ಲ. ಕೇಳದೆ ಇದ್ದುದರಿಂದಲೇ ನನಗೆ ಎಲ್ಲವೂ ಗೊತ್ತಾಯಿತು.

"ಜೀಪ್ ಗ್ಯಾರೇಜಿನ್ಯಾಗಿತ್ತು," ಎಂದರು ಕಟ್ಟೆಯ ಮೇಲೆ ಕುಳಿತು. "ಶಿವರಾತ್ರಿ ಮುಂದ ಎರಡು ಡಬ್ಬಿ ಇದರಾಗ ಹಾಕ್ಕೊಂಡ್ ಬಂದೆ. ಇಳಸೋವಾಗ ನೋಡಿದ್ರ ಒಂದು ಮಗುಚಿ ಬಿದ್ದಿತ್ತು. ಒರಸಿದೆ. ಲೋಬಾನ ಹಾಕಿದೆ. ವಾಸನಿ ಹೋತು, ಅದೂ ಹೋತು ಅಂತ ತಿಳ್ಕೊಂಡೆ."

"ದವಾಖಾನ್ಯಾಗ ಬುತ್ತಿ ಮಾತು ಬಂದಾಗ ನೆನಪಾಗಲಿಲ್ಲೇನ್ರಿ?"

ಗಾಳಿಗೆ ಪ್ಲಾಸ್ಟಿಕ್ ಹಾಳೆ ಪಟಪಟ ಬಡಿಯಿತು. ಆಮೇಲೆ ಅವರು ತೀರ ಸಾದಾ ಧ್ವನಿಯಲ್ಲಿ, ಮನೆಯ ಮಾತಿನಂತೆ ಹೇಳಿದರು: "ಆ ಸ್ಪಂಜು ನಾಲಾಕ್ಕ ಒಗದು ಬರ್ತೀನಿ. ನೀವು ಹೊಸಾದು ತುಂಬಿ ಇದ ಚರ್ಮ ಹೊಲದು ಕೊಡ್ರಿ. ಮಂದಿಗೆ ಯಾಕ ಗೊತ್ತಾಗಬೇಕು."

"ನಾಲಾ ನೀರು ಸಾವಿರ ಮನಿ ಕೊಡದಾಗ ಹೋಗ್ತದ ಸಾಹುಕಾರ್ರ," ಎಂದು ನಮ್ಮವರು ಎದ್ದು ಸ್ಪಂಜಿಗೂ ಅವರಿಗೂ ನಡುವೆ ನಿಂತರು. ಕಚೇರಿಯಲ್ಲಿ ಯಾರಿಗೂ ಎದುರಾಡದ ಮನುಷ್ಯ.

ನಾನು ಒಳಗೆ ಹೋಗಿ ಹೊಲಿಗೆಯ ದೊಡ್ಡ ಕತ್ತರಿ ತಂದೆ. ಬಿರುಕು ಬಿಟ್ಟ, ಇಲಿ ಕಡಿದ, ಸುಟ್ಟ ಚರ್ಮವನ್ನು ಸಹ ಒಂದು ಬೆರಳಷ್ಟೂ ವ್ಯರ್ಥ ಮಾಡದೆ ಉಳಿಸಿಕೊಟ್ಟವಳು ನಾನು. ಕಲೆಯ ನಡುವೆ ಕತ್ತರಿ ಇಟ್ಟು ಅಡ್ಡಕ್ಕೆ ಕತ್ತರಿಸಿದೆ. ತಿರುಗಿಸಿ ಉದ್ದಕ್ಕೆ ಕತ್ತರಿಸಿದೆ. ಚರ್ಮ ದಪ್ಪ, ಹೊತ್ತು ಹಿಡಿಯಿತು. ನಾಲ್ಕು ತುಂಡಾದ ಮೇಲೆ ಹೇಳಿದೆ: "ಇದನ್ನ ಇನ್ನ ಯಾರೂ ಹೊಲಿಯಂಗಿಲ್ಲ. ಡಾಕ್ಟರಿಗೆ ಹೇಳೀನಿ. ಮನ್ಯಾಗ ನೀವು ಹೇಳತೀರೋ, ನಾ ಬಂದು ಹೇಳಲೋ?"

ಅವರು ಹೇಳಿದರೆಂದು ಮರುದಿನ ತಿಳಿಯಿತು. ಹೇಗೆ ಹೇಳಿದರು, ಎಷ್ಟು ಹೇಳಿದರು, ಗೊತ್ತಿಲ್ಲ. ಸೋಮವಾರ ಆಯಿ ವೈದ್ಯರ ಚೀಟಿ ಹಿಡಿದು ಕೆಂಪು ಬಸ್ಸಿನಲ್ಲಿ ಯಾದಗಿರಿಗೆ ಹೋಗಿ ಬಂದರು. ಸ್ಪಂಜು, ಚರ್ಮವನ್ನು ಸುಡಬಾರದು, ನೀರಿಗೆ ಹಾಕಬಾರದು ಎಂದು ಕೃಷಿ ಕಚೇರಿಯವರು ಹೇಳಿದ್ದರಿಂದ ಅವರೇ ಬಂದು ಕಟ್ಟಿಕೊಂಡು ಹೋಗುವ ತನಕ ಎಂಟು ದಿನ ಅದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ನಮ್ಮ ಚಪ್ಪರದ ಮೂಲೆಯಲ್ಲಿತ್ತು. ಆ ಎಂಟು ದಿನ ನಾನು ಹಿಂದಿನ ಬಾಗಿಲಿನಿಂದ ಓಡಾಡಿದೆ.

ಹತ್ತನೆಯ ದಿನ ಆಯಿ ನಮ್ಮ ಮನೆಗೆ ಬಂದರು. ಜೊತೆಗೆ ಸೊಸೆ, ರಾಮಸಮುದ್ರದ ಮಗಳು. ಸಾಹುಕಾರರು ಗೇಟಿನ ಹೊರಗೆ ಮೋಟಾರ್ ಸೈಕಲ್ಲಿಗೆ ಒರಗಿ ನಿಂತಿದ್ದರು. ಯಾರೂ ಒಳಗೆ ಕರೆಯಲಿಲ್ಲ.

ನಾನು ಆಯಿಯ ಮುಂದೆ ಕುಳಿತು ಹೇಳಬೇಕಾದ್ದನ್ನು ಹೇಳಿದೆ. ಕೆಳಗಿದ್ದದ್ದನ್ನು ಮೇಲೆ ತಂದದ್ದು ನನ್ನ ಎಣ್ಣೆ, ನನ್ನ ಬಿಸಿಲು ಎಂದೆ. ಆಯಿ ನನ್ನ ಬೆರಳುಗಳನ್ನು ನೋಡಿದರು.

"ನೀ ಹಚ್ಚಿ ಹೊರಗ ತಂದಿ. ಅವ ಹೊಗಿ ಹಾಕಿ ಮುಚ್ಚಿದ್ದ. ನಾ ಯಾರ್ನ ಬೈಯಲಿ? ಬೈಯಾಕ ಉಸುರ ಇಲ್ಲೀಗ, ಶ್ರಾವಣಕ್ಕ ಬೈತೀನಿ, ಇಬ್ಬರ್ನೂ ಕೂಡೇ ಬೈತೀನಿ." ಆಮೇಲೆ ಸೊಸೆಯ ಕಡೆ ಕೈ ಚಾಚಿದರು. "ಗಂಟು ಬಿಚ್ಚ."

ಸೊಸೆ ಬುತ್ತಿ ಬಿಚ್ಚಿದಳು. ಆಯಿ ಮೊದಲ ತುತ್ತನ್ನು ತಮ್ಮ ಬಾಯಿಗಲ್ಲ, ಮಗಳ ಕಡೆ ಹಿಡಿದರು. "ತಿನ್ನ. ನನ್ನ ಸೊಸಿ ಕೈಯಾಂದು."

ಮಗಳು ತಲೆ ತಗ್ಗಿಸಿ ತಿಂದಳು. ಆಮೇಲೆ ಆಯಿ ತಿಂದರು, ನಮ್ಮವರು ತಿಂದರು. ನನ್ನ ತಟ್ಟೆಗೂ ರೊಟ್ಟಿ ಬಿತ್ತು, ರೊಟ್ಟಿಯ ಮೇಲೆ ಕೆಂಪು ಖಾರ, ಗುಳಿಯಲ್ಲಿ ಕುಸುಬಿ ಎಣ್ಣೆ. ಬೆಳ್ಳುಳ್ಳಿಯ ವಾಸನೆ ನೇರ ಮೂಗಿಗೆ ಬಂತು. ನೀರು ತರುತ್ತೇನೆ ಎಂದು ತಟ್ಟೆ ಹಿಡಿದೇ ಎದ್ದು ಹಿತ್ತಲಿಗೆ ಹೋದೆ.

ಗೋಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕುಳಿತೆ. ರೊಟ್ಟಿಯ ಒಂದು ಚೂರನ್ನು ಆ ಎಣ್ಣೆಯಲ್ಲಿ ಅದ್ದಿ ಮಣ್ಣಿನ ಮೇಲೆ ಇಟ್ಟೆ. ಇರುವೆಯ ಸಾಲು ಬೇವಿನ ಬೇರಿನ ಆಚೆ ಇತ್ತು, ಇನ್ನೂ ದೂರ.

ಹಿಂದೆ ಬಳೆಯ ಸದ್ದಾಯಿತು. ಬಾಗಿಲಲ್ಲಿ ಅವಳು ನಿಂತಿದ್ದಳು, ಆ ರೊಟ್ಟಿ ಬಡಿದವಳು. ತಟ್ಟೆ ನೋಡಿದಳು, ಮಣ್ಣಿನ ಮೇಲಿನ ಚೂರು ನೋಡಿದಳು, ಇರುವೆಯ ಸಾಲು ನೋಡಿದಳು. ನನಗೆ ತಲೆ ಎತ್ತಲಾಗಲಿಲ್ಲ. ಅವಳು ಸೀರೆಯ ನೆರಿಗೆ ಮಡಚಿಕೊಂಡು ನನ್ನ ಪಕ್ಕ ಕುಳಿತಳು. ಇಬ್ಬರೂ ಕಾದೆವು.